ಮದುವೆಯ ಜೋಡಿನ ತಾಮ್ರ

ಸೆಲ್ಲೆ, ಹ್ಯಾನೋವರ್ ರಾಜ್ಯ
೩ ನವೆಂಬರ್ ೧೮೫೮

ಪ್ರೀತಿಯ ಡೊರೆಟ್,

ಉತ್ತರ ತಡವಾಯಿತು, ಬೇಜಾರಾಗಬೇಡ. ಬಯಲಿನಲ್ಲಿಟ್ಟ ಜೇನುಗೂಡುಗಳನ್ನು ಮನೆಗೆ ತಂದು ಮುಗಿಸಿದ್ದೇ ಮೊನ್ನೆ. ನಾವು ಕ್ಷೇಮ. ನಮ್ಮ ಯಜಮಾನರು ಬೆಳಗಾದರೆ ಚರ್ಮ, ಉಳಿ, ಮೇಣದ ದಾರ ಹಿಡಿದು ಜೋಡು ಹೊಲಿಯಲು ಕೂರುತ್ತಾರೆ.

ನಿನ್ನ ಮಗಳು ಯೊಹಾನೆಗೆ ಮದುವೆ ನಿಶ್ಚಯವಾದದ್ದು ಸಂತೋಷ. ಚಿಕ್ಕಂದಿನಿಂದ ಕೂಡಿಟ್ಟ ತಾಮ್ರದ ಫೆನಿಗ್ ಕಾಸುಗಳಲ್ಲೇ ಮದುವೆಯ ಜೋಡು ಕೊಳ್ಳುತ್ತಾಳಂತೆ, ನಮ್ಮ ಕಾಲದ ಹಾಗೆಯೇ. ಹಾಗೆ ಕೊಂಡವಳು ಗಂಡನಿಗೆ ನಿಷ್ಠೆಯಿಂದಿರುತ್ತಾಳೆಂದು ಅಮ್ಮಂದಿರು ಹೇಳುತ್ತಿದ್ದರು. ನಿನ್ನ ಜೋಡು ಹೊಲಿದ ಹೆನ್ನಿಂಗನೇ ಮಗಳದ್ದೂ ಹೊಲಿಯಲಿ ಎಂದು ಬರೆದಿದ್ದೀಯ. ನಮ್ಮ ಯಜಮಾನರನ್ನು ಇನ್ನೂ ಹೆಸರು ಹಿಡಿದು ಕರೆಯುವವಳು ನೀನೊಬ್ಬಳೇ. ಬೇಡ ಕಣೇ, ಇವರ ಕಣ್ಣು ಮೊದಲಿನ ಹಾಗಿಲ್ಲ. ನಿಮ್ಮೂರಲ್ಲೇ ಮಾಡಿಸು.

ಹಳೆಯ ತಾಮ್ರದ ಕಾಸು ಇನ್ನು ನಡೆಯುವುದಿಲ್ಲವೆಂದು ಇಲ್ಲಿ ಸಾರಿದ್ದಾರೆ. ಎಲ್ಲರೂ ಕೊಟ್ಟು ಹೊಸದು ತರುತ್ತಿದ್ದಾರೆ. ರೊಟ್ಟಿ ಮಾರುವ ಆಲ್‌ಹೈಟ್ ಅಂಗಡಿಗೇ ಬಂದು, "ಏನ್ ಮೇಸ್ತ್ರಿಗಳೇ, ಬಚ್ಚಿಟ್ಟಿರೋದನ್ನ ತೆಗೀರಿ. ಇಲ್ದಿದ್ರೆ ಜೋಡಿನ ಹಿಮ್ಮಡಿಗೆ ಮೊಳೆ ಬದ್ಲು ಕಾಸಿನ ಮೇಲಿರೋ ರಾಜನ್ನೇ ಹೊಡೀಬೇಕಾಗತ್ತೆ!" ಎಂದಳು.

ಇವರು ನಗಲಿಲ್ಲ. ಬೆಂಚಿನ ಕೆಳಗಿನ ತಗಡಿನ ಡಬ್ಬಿಯ ಕಡೆ ನಾನು ಬಗ್ಗಿದಾಗ, "ಅದೊಂದು ಮುಟ್ಟಬೇಡ," ಎಂದರು.

"ಯಾರದ್ದು?"

"ಡೊರೆಟ್ ಜೋಡಿಗೆ ಕೊಟ್ಟಿದ್ದು. ಹಾಗೇ ಉಳಿದೋಯ್ತು."

"ಉಳಿದೋಯ್ತಾ, ಉಳಿಸ್ಕೊಂಡ್ರಾ?"

ದಾರ ಎಳೆಯುತ್ತಲೇ ಇದ್ದರು. ಅಂಗಡಿಯಲ್ಲಿ ಮೇಣದ ವಾಸನೆ ಎಂದಿನಷ್ಟೇ ಇತ್ತು.

ಇದರೊಂದಿಗೆ ಒಂದು ಪುಟ್ಟ ಗಂಟು ಕಳಿಸಿದ್ದೇನೆ. ಹೊಸ ಫೆನಿಗ್‌ಗಳು, ಇನ್ನೂ ಕೆಂಪಗೆ ಹೊಳೆಯುತ್ತಿವೆ. ಯೊಹಾನೆಯ ಜೋಡಿಗೆ ಸೇರಿಸು. ಅವಳ ಸಂಸಾರ ತಂಪಾಗಿರಲಿ, ಜೋಡು ಕಾಲು ಕಚ್ಚದಿರಲಿ.

ನಿನ್ನ
ಇಲ್ಸಾಬೆ

ತಾ.ಕ.: ಗಂಟಿನಲ್ಲಿರುವುದು ನಿನ್ನದೇ ದುಡ್ಡು. ಇವರು ಚರ್ಮ ತರಲು ಹೋದಾಗ ಡಬ್ಬಿ ಬರಿದು ಮಾಡಿ, ನಿನ್ನ ಕಾಸು ಕೊಟ್ಟು ಹೊಸದು ತಂದೆ. ಡಬ್ಬಿಗೆ ನನ್ನ ಹಳೆಯ ಕಾಸು ತುಂಬಿಸಿಟ್ಟೆ. ನಾನೂ ಕೂಡಿಟ್ಟಿದ್ದೆನಲ್ಲ. ನನ್ನ ಮದುವೆಯ ಜೋಡಿಗೆ ಕೊಡಲು ಹೋದರೆ ಇವರು, "ನಮ್ಮವಳಾಗೋಳ ಹತ್ರ ಕಾಸು ಇಸ್ಕೋತಾರೇನೇ?" ಎಂದು ಹಿಂದಕ್ಕೆ ತಳ್ಳಿದ್ದರು. ಆಗ ಹಿಗ್ಗಿದ್ದೆ. ಅವು ಇಷ್ಟು ವರ್ಷ ನನ್ನ ಕಾಲುಚೀಲದಲ್ಲೇ ಇದ್ದವು.

ನಿನ್ನೆ ಇವರು ಡಬ್ಬಿ ತೆರೆದು, ಒಂದನ್ನು ತೆಗೆದು, ಹೆಬ್ಬೆರಳಿನಿಂದ ಒರೆಸುತ್ತ ಬಹಳ ಹೊತ್ತು ಕೂತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನದೇನನ್ನಾದರೂ ಅವರು ಅಷ್ಟು ಮೆತ್ತಗೆ ಮುಟ್ಟಿದ್ದು ಅದೇ ಮೊದಲು.