ಯಾರೂ ತುಳಿಯದ ಜಾಗ

14 ಜುಲೈ 2003, ಸೋಮವಾರ

ರೌಂಡ್ಸ್ ಮುಗೀತು. ಮಾತ್ರಿ ತಂದುಕೊಟ್ಟೆ. ಸಿಸ್ಟರು ಕೈ ಬೀಸಿದ್ರು — ಗಂಡಸ್ರೆಲ್ಲ ಹೊರಗೆ. ನೊಣ ಓಡಿಸಿದಂಗ. ಇನ್ನ ನಾಕು ಗಂಟಿ ತನಕ ವಾರ್ಡಿನೊಳಗ ಬಿಡಂಗಿಲ್ಲ. ಜೋಡಿಗೆ ಒಬ್ಬ ಹೆಣ್ಮಗಳು ಇರಬಹುದು. ನಮ್ಮ ಮನಿ ಮಾಲಕರ ತಾಯಿ ಚಿಕ್ಕಮುನಿಯಮ್ಮ ಅದಾಳ. ಕಗ್ಗದಾಸಪುರದಿಂದ ದಿನಾ ಬಸ್ ಹಿಡದು ಬರ್ತಾಳ, ಪುಣ್ಯಾತ್ಗಿತ್ತಿ.

ನಾನು ದವಾಖಾನಿ ಗೇಟಿನ ಮುಂದ. ಬೀಡಿ, ಚಾ, ಮತ್ತ ಬೀಡಿ.

ಹೆಂಡ್ತಿ ಮಾನಮ್ಮಗ ಏಳು ತಿಂಗಳು. ಬಿಪಿ ಇಳಿವಲ್ದು. ಕಾಲು ಬಾತು ಕುಂಬಳಕಾಯಿ ಆಗ್ಯಾವ. ಹೋದ ವರ್ಷದ್ದು ನಿಲ್ಲಲಿಲ್ಲ, ಇದರ ನಿಲ್ಲಬೇಕು. ಡಾಕ್ಟರಮ್ಮ ಹೇಳಿದ್ರು — ಇನ್ನೊಂದು ತಿಂಗಳು ಮಗು ಒಳಗೇ ಇದ್ರೆ ಬದುಕುತ್ತೆ. ನಾ ಏನ್ ಮಾಡ್ಬೇಕ್ರಿ ಮೇಡಂ ಅಂದೆ. ನೀವು ಮಾಡೋದು ಏನೂ ಇಲ್ಲಪ್ಪ ಅಂದ್ರು. ಏನೂ ಇಲ್ಲಂತ! ಕಲ್ಲು ಪಾಲಿಶ್ ಮಾಡಾವ ನಾನು. ಎಂಥಾ ಕಲ್ಲಿದ್ರೂ ಮಾರಿ ಕಾಣಂಗ ತಿಕ್ಕತೀನಿ. ಇಲ್ಲೆ ಕೈ ಕಟಗೊಂಡು ಕುಂದ್ರೂದು.

ಸಂಜಿಕ ಒಳಗ ಹೋದ್ರ ಮಾನಮ್ಮ ಮೂಗು ಮುಚ್ಚಿಕೊಂಡ್ಳು. "ಥೂ, ಬೀಡಿ ನಾರ್ತೀರಿ. ಗೇಟ್ ಕಾಯಾಕ ನಿಮಗ ಪಗಾರ ಕೊಡ್ತಾರೇನು? ಎದ್ದು ಊರು ತಿರುಗ್ರಿ. ನೋಡಿದ್ದು ಬಂದು ನನಗ ಹೇಳ್ರಿ. ಬೆಂಗಳೂರಿಗೆ ಬಂದು ಮೂರು ವರ್ಷ ಆತು. ನಾ ನೋಡಿದ್ದು ಏನು — ಮಂದಿ ಮನಿ ಬಚ್ಚಲ."

ಮಾತು ಖರೆ. ನಂದೂ ಅಷ್ಟ. ಇಂದಿರಾನಗರದ ಮನಿಗಳ ನೆಲ ಗೊತ್ತು, ಬೀದಿ ಗೊತ್ತಿಲ್ಲ.

15 ಜುಲೈ

ಹಲಸೂರು ಕೆರಿ. ನಡಕೊಂತ ಹೋದೆ. ದಾರಿ ತಪ್ಪಿ ಮಿಲಿಟ್ರಿಯವ್ರ ಗೋಡಿ ಗುಂಟ ಹೋಗಿ ಬೈಸ್ಕೊಂಡೆ, ಅದೂ ಹಿಂದಿಯೊಳಗ. ಕೆರಿ ನಡುವ ಗಿಡ ಬೆಳದ ನಡುಗಡ್ಡಿ. ಬಿಳಿ ಹಕ್ಕಿ ಕುಂತಿದ್ವು. ದಂಡಿ ಮ್ಯಾಲ ಸರದಾರ್ಜಿಗಳ ಗುರುದ್ವಾರ. ಬಂದೋರಿಗೆಲ್ಲ ಊಟ. ತಲಿಗೆ ವಸ್ತ್ರ ಕಟ್ಟಿಸಿ ಕುಂದ್ರಿಸಿ ರೊಟ್ಟಿ ಹಾಕಿದ್ರು. ಜೋಳದ್ದಲ್ಲ, ಗೋಧಿದು. ಇರ್ಲಿ.

ಎಲ್ಲಾ ಹೇಳಿದೆ. ಮಾನಮ್ಮ ಕೇಳಿದ್ದು ಒಂದ — "ನೀರು ಕುಡಿಯಾಕ ಬರ್ತಾವೇನ್ರಿ?" ಇಲ್ಲ ಅಂದೆ. "ಹಂಗಾರ ಯಾತರ ಕೆರಿ ಅದು!"

ಬಾಜೂ ಕಾಟಿನಾಕಿ ನಕ್ಳು. ಮುನಿವೆಂಕಟಮ್ಮ ಅಂತ. ಆಕಿಗೂ ಏಳು ತಿಂಗಳು. ಕಾಮಾಲಿ — ಕಣ್ಣು ಅರಿಶಿಣ ಆಗ್ಯಾವ. ಎರಡೂ ಮನಿಯವ್ರು ಬ್ಯಾಡ ಅಂದ ಮದುವಿ, ನೋಡಾಕ ಯಾರೂ ಬರಂಗಿಲ್ಲ. "ಅಣ್ಣ, ಕಬ್ಬನ್ ಪಾರ್ಕ್‌ಗೆ ಹೋಗಿ ಬಾ. ಮದುವೆಗೆ ಮುಂಚೆ ನಾವಿಬ್ರೂ ಅಲ್ಲೇ ಕದ್ದು ಸಿಗ್ತಿದ್ವಿ. ಬಿದಿರು ಮೆಳೆ ಹಂಗೇ ಐತಾ ನೋಡ್ಕೊಂಡು ಬಂದು ಹೇಳು" ಅಂದ್ಳು.

17 ಜುಲೈ

ಬಿದಿರು ಮೆಳಿ ಹಂಗ ಐತಿ. ಕೆಳಗ ಜೋಡಿಗಳು. ಪೊಲೀಸಪ್ಪ ಬಂದು ಎಬ್ಬಿಸ್ತಾನ, ಅವು ಎದ್ದು ಇನ್ನೊಂದು ಗಿಡದ ಕೆಳಗ ಕುಂದರ್ತಾವ. ಆಂವಗೂ ಅದ ಕೆಲಸ, ಅವಕ್ಕೂ ಅದ ಕೆಲಸ. ಹೇಳಿದ್ರ ಮುನಿವೆಂಕಟಮ್ಮ ನಾಚಿ ಹೊದಿಕಿ ಮಾರಿ ತನಕ ಎಳಕೊಂಡ್ಳು. ಮಾನಮ್ಮ ನನ್ನ ಕಡಿ ತಿರುಗಿ, "ನೀವೊಬ್ರ ಕುಂತಿದ್ರೇನು, ಜೋಡಿ ಯಾರರ ಇದ್ರೊ?" ನಗೂದು ನೋಡಿ ಬಹಳ ದಿನ ಆಗಿತ್ತು.

ಹೊರಗ ಬರೂಮುಂದ ಚಿಕ್ಕಮುನಿಯಮ್ಮ ತಡದ್ಳು. "ಊರೆಲ್ಲ ಸುತ್ತಪ್ಪ, ಬ್ಯಾಡ ಅನ್ನಲ್ಲ. ಆದ್ರೆ ಬಸುರಿ ಗಂಡ ತೆಂಗಿನಕಾಯಿ ಒಡೀಬಾರ್ದು, ಹೆಣ ಹೊರಬಾರ್ದು. ಎದುರಿಗೆ ಹೆಣ ಬಂದ್ರೂ ಬೇರೆ ಬೀದಿ ಹಿಡಿ, ತಿಳೀತಾ?" ನಮ್ಮ ಗಂಗಾವತಿ ಕಡಿನೂ ಅದ ಮಾತು. ಹೂಂ ಅಂದೆ.

19 ಜುಲೈ

ರಸೆಲ್ ಮಾರ್ಕೆಟ್. ಮುನಿವೆಂಕಟಮ್ಮನ ಗಂಡ ಅಮೃತಪ್ಪ ಅಲ್ಲೆ ಹೂವು ಮಾರ್ತಾನ. ಬಾಜೂ ಅಹ್ಮದ್ ಪಾಷಾನ ಹಣ್ಣಿನ ಅಂಗಡಿ. ಇಬ್ರೂ ತಮಿಳಿನಾಗ ಜಗಳಾಡ್ತಾರ, ಉರ್ದುನಾಗ ರಾಜಿ ಆಗ್ತಾರ. ಅಮೃತಪ್ಪ ಎರಡು ಮೊಳ ಕನಕಾಂಬರ ಬಾಳಿ ಎಲಿಯಾಗ ಸುತ್ತಿ ಕೊಟ್ಟ. "ಒಂದು ನಿಮ್ಮನೇವ್ರಿಗೆ, ಒಂದು ನಮ್ಮೋಳಿಗೆ. ನಾನು ಕೊಟ್ರೆ ವ್ಯಾಪಾರ ಬಿಟ್ಟು ಯಾಕ್ ಬಂದೆ ಅಂತ ಬಯ್ತಾಳೆ ಗುರು" ಅಂದ. ವಾರ್ಡಿನಾಗ ಹೂ ಮುಡೀಬಾರ್ದಂತ. ಇಬ್ರೂ ದಿಂಬಿನ ಬುಡಕ ಇಟಗೊಂಡ್ರು.

22 ಜುಲೈ, ಮಂಗಳವಾರ

ಕೆ.ಆರ್. ಪುರಂ ತೂಗು ಸೇತುವಿ. ಹಳೆ ಮದ್ರಾಸ್ ರೋಡ್ ಹಿಡದು ನಡದೆ. ಅಂಗಾಲಿಗೆ ಬೊಬ್ಬಿ ಬಂತು. ಬರೂಮುಂದ ಬಸ್ಸು, ಇಲ್ಲಂದ್ರ ನಾಕು ಗಂಟಿ ತಪ್ತಿತ್ತು. ಮ್ಯಾಲಿಂದ ಸರಳು ಇಳಿಬಿಟ್ಟು ಸೇತುವಿ ಹಿಡದಾರ, ಕೆಳಗ ರೈಲು. "ಹರದು ಬಿದ್ರ?" ಅಂದ್ಳು ಮಾನಮ್ಮ. ಬೀಳಂಗಿಲ್ಲ ಅಂದೆ. "ನೀವೇನು ಕಟ್ಟೀರೇನು?"

ಮುನಿವೆಂಕಟಮ್ಮ ಕೇಳಲಿಲ್ಲ. ಗೋಡಿ ಕಡಿ ಮಾರಿ. ಸಲೈನ್ ಬಾಟ್ಲಿ ಹಚ್ಯಾರ.

26 ಜುಲೈ, ಶನಿವಾರ

ಮುನಿವೆಂಕಟಮ್ಮ ಹೋದ್ಳು. ಮುಂಜಾನಿ ನೋಡಿದ್ರ ಕಾಟು ಖಾಲಿ. ಬ್ಯಾರೆ ವಾರ್ಡಿಗೆ ಒಯ್ದಾರ ಅಂತ ಮಾನಮ್ಮಗ ಹೇಳ್ಯಾರ.

ಶವಾಗಾರದ ಮುಂದ ಅಮೃತಪ್ಪ. ಜೋಡಿ ಅಹ್ಮದ್ ಪಾಷಾ, ಮತ್ತೊಬ್ಬ ಆಟೋದಾಂವ. ಎರಡೂ ಮನಿಯಿಂದ ಒಂದು ನರಪಿಳ್ಳಿ ಬಂದಿಲ್ಲ. ಗಾಡಿ ಕಲ್ಪಳ್ಳಿ ಸ್ಮಶಾನದ ಗೇಟಿನ ತನಕ ಅಷ್ಟ. ಅಲ್ಲಿಂದ ಹೊರಬೇಕು. ಇರೋರು ಮೂರು ಮಂದಿ.

ಪಾಷಾ ನನ್ನ ಕಡಿ ನೋಡಿದ. "ಭಾಯ್, ಒಂದ್ ಹೆಗಲು ಕಮ್ಮಿ ಐತೆ."

ಅಮೃತಪ್ಪ ತಡದ. "ಬ್ಯಾಡ ಪಾಷಾ. ಅವರ ಮನೇವ್ರು ಬಸುರಿ. ಅವ್ರನ್ನ ಕೇಳ್ಬೇಡ." ಅಂದು ಗೋಡಿಗೆ ಹಣಿ ಹಚ್ಚಿ ಅತ್ತ.

ಯಪ್ಪಾ! ಕೈ ಹಿಡದು ಎಳದಿದ್ರ ಬಿಡಿಸ್ಕೊಂಡು ಓಡ್ತಿದ್ದೆ. ಬ್ಯಾಡ ಅಂದ. ಹೆಂಗ ಹೋಗ್ಲಿ?

ಹೆಗಲು ಕೊಟ್ಟೆ. ಹೊಟ್ಟಿಯೊಳಗ ಕೂಸು ಇತ್ತು, ಆದ್ರೂ ಅಷ್ಟು ಹಗುರ ಇದ್ಳು...

ಅಲ್ಲೆ ನಲ್ಲಿಗೆ ತಲಿ ಕೊಟ್ಟೆ. ಅಂಗಿ ಹಿಂಡಿ ಹಾಕ್ಕೊಂಡೆ. ನಾಕಕ್ಕ ಒಳಗ ಹೋದೆ. ಎಲ್ಲಿ ತಿರುಗಿದ್ರಿ ಅಂದ್ಳು ಮಾನಮ್ಮ. ಕೋಲ್ಸ್ ಪಾರ್ಕು ಅಂದೆ, ಹುಡುಗ್ರು ಜಾರಬಂಡಿ ಆಡ್ತಿದ್ವು ಅಂದೆ. ಕಾಟಿನಿಂದ ದೂರ ನಿಂತಿದ್ದೆ. ಆಕಿ ನನ್ನ ಒದ್ದಿ ತಲಿ ನೋಡಿದ್ಳು. ಬಾಜೂ ಕಾಟು ನೋಡಿದ್ಳು.

"ಹೆಗಲು ನೋಯ್ತಾವೇನ್ರಿ?"

ಅಳು ತಡೀಲಿಲ್ಲ. ಅಷ್ಟು ಹೆಂಗಸ್ರ ಮುಂದ, ಗಂಡಸು ನಾನು. "ಅಳಬ್ಯಾಡ್ರಿ. ಚಲೋ ಮಾಡಿದ್ರಿ. ಆಕಿಗೆ ಮತ್ತ ಯಾರಿದ್ರು" ಅಂದ್ಳು. ಅಂದು ಎರಡೂ ಕೈ ಹೊಟ್ಟಿ ಮ್ಯಾಲ ಇಟಗೊಂಡ್ಳು. ನಾ ಹೋಗೂ ತನಕ ತಗೀಲಿಲ್ಲ.

1 ಆಗಸ್ಟ್, ಶುಕ್ರವಾರ

ಬರೆಯಾಕ ಆಗಿಲ್ಲ. ಬುಧವಾರ ಫಿಟ್ಸ್ ಬಂತು. ಸಹಿ ಹಾಕ್ರಿ ಅಂದ್ರು, ಹಾಕಿದೆ. ಎಲ್ಲಿ ಅಂದ್ರ ಅಲ್ಲಿ ಹಾಕಿದೆ. ಆಪರೇಶನ್.

ಹೆಣ್ಣು ಕೂಸು. ನನ್ನ ಎರಡು ಅಂಗೈ ಜೋಡಿಸಿದ್ರ ಅಷ್ಟ. ಮ್ಯಾಲಿನ ಮಾಳಿಗಿಯಾಗ ಗಾಜಿನ ಪೆಟಿಗಿಯೊಳಗ ಇಟ್ಟಾರ. ಮಾನಮ್ಮಗ ಎಚ್ಚರ ಐತಿ, ಏಳಾಕ ಬರಂಗಿಲ್ಲ. ಕೂಸಿನ ಮಾರಿ ನೋಡಿಲ್ಲ.

ನನ್ನ ಹೆಗಲಿಂದ ಬಂತಾ ಇದು? ಚಿಕ್ಕಮುನಿಯಮ್ಮಗ ಎಲ್ಲಾ ಹೇಳಿ ಕೇಳಿಬಿಟ್ಟೆ. ಬೈತಾಳ ಅಂದ್ಕೊಂಡಿದ್ದೆ. ಮುದುಕಿ ಬಾಯಿಗೆ ಸೆರಗು ಹಚ್ಚಿ ಕುಂತ್ಳು. ಆಮ್ಯಾಲ "ನಂಗೊತ್ತಿಲ್ಲ ಕಣಪ್ಪ" ಅಂದ್ಳು. ಬೈದಿದ್ರ ಚಲೋ ಇತ್ತು.

2 ಆಗಸ್ಟ್

ನನಗೂ ಒಂದು ಕೆಲಸ ಸಿಕ್ತು! ಮ್ಯಾಲಿನ ಸಿಸ್ಟರು, ತಾಯಿ ಹಾಲು ಹಿಂಡಿಸಿ ತನ್ನಿ ಅಂದ್ರು. ಮಾನಮ್ಮ ಸ್ಟೀಲ್ ಬಟ್ಟಲದಾಗ ಹಿಂಡಿ ಕೊಟ್ಳು. ತಳ ಮುಚ್ಚೂವಷ್ಟು. ಎರಡೂ ಕೈಲೆ ಹಿಡದು ಮೆಟ್ಲ ಏರಿದೆ. ಸರೀರಿ, ಸರೀರಿ ಅಂತ ಒಂದ ಸವನ ಒದರಿಕೊಂತ. ಕಲ್ಲಿನ ಮಷೀನ್ ಹೊತ್ತು ಆರು ಮಾಳಿಗಿ ಏರೀನಿ, ಹಿಂಗ ಮೆಟ್ಲ ಎಣಿಸಿ ಎಣಿಸಿ ಏರಿದ್ದಿಲ್ಲ.

ಸಿಸ್ಟರು ನಳಿಗಿಯಾಗ ಹನಿ ಹನಿ ಬಿಟ್ರು. ಕೂಸು ತುಟಿ ಆಡಿಸ್ತು. ಕಣ್ಣಾರೆ ನೋಡಿದೆ.

ಓಡಿ ಬಂದು ಹೇಳಿದೆ. ಯಾವ ಕೆರಿ, ಯಾವ ಪಾರ್ಕಿನ ಸುದ್ದಿಗೂ ಮಾನಮ್ಮನ ಮಾರಿ ಹಂಗ ಅರಳಿದ್ದಿಲ್ಲ. "ಮೂಗು ಯಾರ್ದೈತ್ರಿ?" ನಿಂದು ಅಂದೆ. "ಸುಳ್ಳು ಹೇಳ್ಬ್ಯಾಡ್ರಿ. ನಿಮ್ದ ಇರ್ತೈತಿ, ಮಿರ್ಚಿ ಬಜ್ಜಿ."

ನಂದ ಐತಿ. ಪಾಪ.

4 ಆಗಸ್ಟ್, ಸೋಮವಾರ

ಕೂಸು ಹೋತು.

ಮುಂಜಾನಿ ಉಸಿರು ನಿಂತಿತಂತ. ಡಾಕ್ಟರಮ್ಮ ನನ್ನ ಕೈ ಹಿಡದು ಹೇಳಿದ್ರು. ಅವರ ಕಣ್ಣಾಗೂ ನೀರು. ಅವರಾದ್ರೂ ಏನ್ ಮಾಡ್ಯಾರು. "ತಾಯಿಗೆ ಈಗ್ಲೇ ಹೇಳ್ಬೇಡಿ. ಬಿಪಿ ಇನ್ನೂ ಮೇಲೇ ಇದೆ. ಮತ್ತೆ ಫಿಟ್ಸ್ ಬಂದ್ರೆ ಅವರೂ ಉಳಿಯಲ್ಲ" ಅಂದ್ರು.

ಗೇಟಿನಾಗ ಅಮೃತಪ್ಪ. ಯಾರು ಹೇಳಿದ್ರೊ. ಗಡ್ಡ ಬಿಟ್ಟಾನ, ಅರ್ಧ ಆಗ್ಯಾನ. "ಹೆಗಲು ಕೊಡೋಕೆ ಬಂದೆ ಗುರು" ಅಂದ. ಕೂಸಿಗೆ ಹೆಗಲು ಯಾಕ ಬೇಕೊ ಮಾರಾಯ. ಎದಿಗೆ ಅವಚಿಕೊಂಡು ನಡದೆ. ಆಂವ ಬಾಜೂ ನಡದ. ಕಲ್ಪಳ್ಳಿ ತನಕ.

ಸಂಜಿಕ ಮಾನಮ್ಮ ಸಿಟ್ಟಿಗೆದ್ದಿದ್ಳು. "ಎಲ್ಲಿ ಹಾಳಾಗಿ ಹೋಗಿದ್ರಿ? ಮುಂಜಾನಿಂದ ಹಾಲು ತುಂಬಿ ಎದಿ ಕಟ್ಟೈತಿ." ಬಟ್ಟಲಾ ಕೊಟ್ಳು. ಬಿಸಿ ಕೈಗೆ ಹತ್ತಿತು. "ಜಲ್ದಿ ಒಯ್ರಿ, ಹಸದಿರ್ತೈತಿ."

ಒಯ್ದೆ. ಮೆಟ್ಲ ಕಡಿ ಹೋದಂಗ ಮಾಡಿ ಆಚಿ ಬಾಗಲದಿಂದ ಹೊರಗ ಬಂದೆ. ಚಿಕ್ಕಮುನಿಯಮ್ಮ ಹಿಂದ ಓಡಿ ಬಂದ್ಳು. "ಎಲ್ಲಂದ್ರಲ್ಲಿ ಚೆಲ್ಬೇಡ ಕಣಪ್ಪ. ಎದೆಹಾಲು ಕಾಲಲ್ಲಿ ತುಳೀಬಾರ್ದು, ತಾಯಿಗೆ ಆಗಲ್ಲ. ಯಾರೂ ತುಳೀದ ಕಡೆ ಗಿಡದ ಬುಡಕ್ಕೆ ಹಾಕು" ಅಂದು ಅಲ್ಲೆ ಕುಸದು ಕುಂತ್ಳು.

ಕಾಂಪೌಂಡಿನ ಗಿಡದ ಬುಡಕ್ಕ ಒಬ್ಬಾಂವ ಉಚ್ಚಿ ಹೊಯ್ಯಾಕತ್ತಿದ್ದ. ಮಾರ್ಕೆಟ್ ಕಡಿ ಕೊಳೆತ ಕೋಸು, ಕೈಗಾಡಿ, ಬರೇ ಕಾಲು. ಮೋರಿ ಕಾಲುವಿಯಾಗ ಕರಿ ನೀರು, ಅದರಾಗ ಹೆಂಗ ಬಿಡ್ಲಿ. ಕೋಲ್ಸ್ ಪಾರ್ಕಿನಾಗ ಖರೇನ ಹುಡುಗ್ರು ಆಡ್ತಿದ್ವು, ಒಂದು ಗಿಡದ ಬುಡ ಬಿಟ್ಟಿಲ್ಲ. ಸೆರಗಿನ ಚೂರು ಮುಚ್ಚಿ ಕೊಟ್ಟಾಳ, ನೊಣ ಕುಂದ್ರಬಾರ್ದಂತ. ತುಳುಕೀತು ಅಂತ ಜೋರಾಗಿ ನಡೆಯಾಕೂ ಬರವಲ್ದು. ಇಷ್ಟು ದೊಡ್ಡ ಊರಾಗ ಮನುಷ್ಯಾರು ಕಾಲಿಡದ ಒಂದು ಗೇಣು ಜಾಗ ಇಲ್ಲಲ್ಲೋ ದೇವ್ರ!

ಹಲಸೂರು ಕೆರಿ. ಬೇಲಿ ಸಂದ್ಯಾಗ ಕೈ ತೂರಿಸಿ, ನೀರಿನ ದಂಡಿ ಹುಲ್ಲಿಗೆ ಸುರದೆ. ಬಟ್ಟಲಾ ತೊಳದೆ. ಆರಕ್ಕ ಬಾಗಲಾ ಮುಚ್ಚೂದ್ರಾಗ ತಿರುಗಿ ಬಂದೆ.

"ಕುಡೀತಾ?"

ಕುಡೀತು ಅಂದೆ.

"ಎಲ್ಲಾನೂ?"

ಎಲ್ಲಾನೂ.

"ಹಂಗಾರ ನನಗ ಇನ್ನೊಂಚೂರು ಗಂಜಿ ಹಾಕಾಕ ಹೇಳ್ರಿ ಚಿಕ್ಕಮುನಿಯಮ್ಮಗ. ಹಾಲು ಹೆಚ್ಚಾಗ್ಲಿ."

7 ಆಗಸ್ಟ್

ಬಟ್ಟಲಾ ದಿನಾ ತುಂಬಾಕತ್ತೈತಿ. ದಿನಾ ಕೆರಿಗೆ ಒಯ್ತೀನಿ. ಕೂಸಿಗೆ ಮೈ ಹತ್ತೈತೇನ್ರಿ ಅಂತಾಳ. ಹತ್ತೈತಿ ಅಂತೀನಿ. ಡಾಕ್ಟರಮ್ಮ ನಾಳೆ ಹೇಳೋಣ ಅಂತಾರ. ನಾಳೆ ಬಂದ್ರ ಇನ್ನೊಂದು ದಿನ ನೋಡೋಣ ಅಂತಾರ.

ಇವತ್ತು ಆಕಿ ಕಾಟು ಹಿಡದು ನಿಂತ್ಳು. ನಾಕು ಹೆಜ್ಜಿ ಇಟ್ಟು ತೋರಿಸಿದ್ಳು. ನಾಳಿ ಮುಂಜಾನಿ ಮೆಟ್ಲ ಏರ್ತಾಳಂತ. ಬಟ್ಟಲಾ ತಾನ ಒಯ್ತಾಳಂತ. ಬ್ಯಾಡ ಅಂದೆ. "ನಿಮ್ಮ ಕೈಯಾಗ ತುಳುಕತೈತಿ" ಅಂದ್ಳು.

ಆಕಿ ಮ್ಯಾಲ ಹೋಗಿ ಆ ಖಾಲಿ ಪೆಟಿಗಿ ನೋಡೂದು ಬ್ಯಾಡ. ಸಿಸ್ಟರ ಬಾಯಿಂದ ಕೇಳೂದೂ ಬ್ಯಾಡ. ನಾನ ಹೇಳ್ಬೇಕು. ಬಿಪಿ ಏರಿದ್ರ? ಹೇಳದಿದ್ರ? ಕೆರಿ ದಂಡಿಗೆ ಕುಂತು ಬರೀತೀನಿ. ಮೊದಲು ಬರದು ನೋಡ್ತೀನಿ, ಬಾಯಿಗೆ ಬಂದೀತು.

ಮಾನಮ್ಮ, ಇಲ್ಲೆ ಕೇಳು. ನಾ ದಿನಾ ಒಯ್ತಿದ್ದ ಹಾಲು...