ಚಿಲಕ ಹಾಕುವ ನಾಯಿ

ಅಕ್ಕನಿಗೆ,

ದೊರೆಸಾನಿ ಬದುಕಿದ್ದಾಳೆ. ನೀನು ಹೊರಟ ಮರುದಿನ ಹಿತ್ತಲ ಬೇಲಿಯ ಬುಡದಲ್ಲಿ ಸಿಕ್ಕಳು. ಫೋನಿನಲ್ಲಿ ಹೇಳಲು ಹೋದರೆ ನನ್ನ ನಾಲಿಗೆ ಹಿಡಿತದಲ್ಲಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪಶುವೈದ್ಯರು ಅವಳ ಬೆನ್ನಿನ ಗಾಯಕ್ಕೆ ಹೊಲಿಗೆ ಹಾಕಿದ್ದಾರೆ. ದಿನವಿಡೀ ಬಟ್ಟೆ ಹೊಲಿಯುವ ನನಗೂ ಅಷ್ಟು ನೀಟಾಗಿ ಬರುವುದಿಲ್ಲ. ಗಾಯ ಮಾಯುವವರೆಗೆ ಬಾತುಕೋಳಿಯನ್ನು ನೀರಿಗೆ ಬಿಡಬಾರದಂತೆ. ಬಚ್ಚಲುಮನೆಯಲ್ಲಿ ಹಳೆಯ ಟವೆಲ್ ಹಾಸಿ ಮಲಗಿಸಿದ್ದೇನೆ. ನಲ್ಲಿಯ ಸದ್ದಾದರೆ ಕತ್ತು ಚಾಚಿ ನನ್ನನ್ನೇ ಬೈಯುತ್ತಾಳೆ. ಇವತ್ತು ಬೇಯಿಸಿದ ಬಟಾಣಿ ತಿಂದಳು.

ಅವಳನ್ನು ನಿನಗೆ ಒಪ್ಪಿಸಿ ಹೋಗಿದ್ದ ನಾನು ಊರಿಂದ ಬಂದಾಗ ನೀನು, "ನಾಯಿ ಗೂಡಿಗೇ ನುಗ್ಗಿ ಎಳ್ಕೊಂಡ್ ಹೋಯ್ತು ಕಣೇ, ನಾನೇನ್ ಮಾಡ್ಲಿ" ಎಂದು ಕಣ್ಣೀರು ಹಾಕಿದೆ. ನಿನ್ನ ಜೊತೆ ನಾನೂ ಅತ್ತೆ. ನೀನು ಹೊರಟ ಮೇಲೆ ಗೂಡು ತೊಳೆಯಲು ಹೋದೆ. ಒಳಗೆ ರಕ್ತವಿರಲಿಲ್ಲ, ಒಂದು ಪುಕ್ಕವೂ ಬಿದ್ದಿರಲಿಲ್ಲ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಗೂಡಿಗೆ ನುಗ್ಗುವ ನಾಯಿ ಇರಬಹುದು. ಹೋಗುವಾಗ ಚಿಲಕ ಹಾಕುವಷ್ಟು ಮರ್ಯಾದಸ್ಥ ನಾಯಿಯನ್ನು ನಾನಂತೂ ಕಂಡಿಲ್ಲ. ದೊರೆಸಾನಿಯ ಗಲಾಟೆಗೆ ನಿದ್ದೆ ಬರುವುದಿಲ್ಲ ಅಂದಿದ್ದರೆ ಸಾಕಿತ್ತು, ಅಕ್ಕ. ಬೇರೆ ಯಾರಿಗಾದರೂ ಒಪ್ಪಿಸಿ ಹೋಗುತ್ತಿದ್ದೆ.

ನಿನ್ನ ಬಳಿ ಇರುವ ನಮ್ಮ ಮನೆಯ ಬೀಗದ ಕೈಯನ್ನು ಎದುರಿನ ಅಂಗಡಿಯಲ್ಲಿ ಕೊಟ್ಟುಬಿಡು. ನೀನು ಮರೆತುಹೋದ ಸ್ವೆಟರನ್ನು ಮಾತ್ರ ಈಗಲೇ ಕಳಿಸಲಾರೆ. ದೊರೆಸಾನಿ ಅದರೊಳಗೆ ಮುಖ ಹುದುಗಿಸಿದರಷ್ಟೇ ನಿದ್ದೆ ಮಾಡುತ್ತಾಳೆ. ತನ್ನನ್ನು ಹೊರಗೆ ಹಾಕಿದ ಕೈ ಯಾವುದೆಂದು ಕಣ್ಣಾರೆ ಕಂಡವಳು ಅವಳೊಬ್ಬಳೇ, ಆದರೂ ಹಾಗೆ.

ಗಾಯ ಮಾಯಲಿ, ಒಗೆದು ಕಳಿಸುತ್ತೇನೆ.

ನೀನೇ ಎತ್ತಿ ಆಡಿಸಿದ
ತಂಗಿ