ಅಂಚಿನಲ್ಲಿ ಗೆರೆ ಇಲ್ಲದ ಪುಟ

ಮಾರ್ಚ್ 4, ಮಂಗಳವಾರ

ಪ್ರೀತಿಯ ಗುಂಡು,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಮೂರು ವಾರ ಕೂತುಬಿಟ್ಟೆ. ಮನಸಾರೆ ಬೈದುಕೋ, ನಾನೇನೂ ಅಂದುಕೊಳ್ಳುವುದಿಲ್ಲ. ಫೋನ್ ಮಾಡೋಣವೆಂದು ಎಷ್ಟೋ ಸಲ ಎತ್ತಿಕೊಂಡೆ. ನಿನ್ನ ‘ಹಲೋ’ ಕೇಳಿದರೆ ಹೇಳಬೇಕಾದ್ದು ಬಿಟ್ಟು ಬೇರೇನೋ ಹೇಳಿಬಿಡುತ್ತೇನೆ ಎಂದು ಮತ್ತೆ ಕೆಳಗಿಟ್ಟೆ. ನಲವತ್ತೆರಡು ವರ್ಷದ ಬೋಳುತಲೆಯ ಗಂಡಸನ್ನು ಇನ್ನೂ ಗುಂಡು ಎಂದು ಕರೆಯುತ್ತಿದ್ದೇನಲ್ಲ, ಅದಕ್ಕೂ ಸೇರಿಸಿ ಬೈದುಕೋ.

ಇಲ್ಲಿ ಎಲ್ಲ ಕ್ಷೇಮ. ನಿಮ್ಮ ಭಾವನಿಗೆ ಮಂಡಿನೋವು, ಮೆಟ್ಟಿಲು ಕಂಡರೆ ಸಾಕು ಮುಖ ಗಂಟಿಕ್ಕುತ್ತಾರೆ. ನನ್ನ ಕನ್ನಡಕದ ನಂಬರು ಮತ್ತೆ ಏರಿದೆ. ಆಫೀಸಿನಲ್ಲಿ ಕಿಟಕಿಯ ಪಕ್ಕದ ಮೇಜು ಕೊನೆಗೂ ನನಗೆ ಸಿಕ್ಕಿತು, ಸಿಕ್ಕಿದ ಮೇಲೆ ಆ ಬಿಸಿಲಿಗೆ ಪರದೆಯ ಮೇಲಿನ ಅಕ್ಷರವೇ ಕಾಣುವುದಿಲ್ಲ. ನನ್ನ ಅದೃಷ್ಟ ನಿನಗೆ ಗೊತ್ತಲ್ಲ.

ನಿನ್ನ ಹೆಂಡತಿ ಮೊನ್ನೆ ಫೋನ್ ಮಾಡಿದ್ದಳು. “ಊಟಕ್ಕೆ ಕೂತ್ರೆ ತಟ್ಟೆ ನೋಡ್ತಾ ಕೂತಿರ್ತಾರೆ ಅಕ್ಕ. ಕೂಗಿದ್ರೂ ಕೇಳಿಸಲ್ಲ. ವಿಚಾರಣೆ ಹತ್ತೊಂಬತ್ತಕ್ಕಂತೆ, ಅವತ್ತು ಹೇಳಿದ್ದೇ ಕೊನೆಯಂತೆ. ಕೆಲಸದಿಂದ ತೆಗೆದ್ರೆ ತೆಗೀಲಿ ಬಿಡಿ, ಕೈಪಿಡಿ ಓದದೆ ಪ್ರೋಗ್ರಾಂ ಬರೆದ ಅಂತ ಬರೆದುಬಿಟ್ರೆ ಆಮೇಲೆ ಯಾರು ಹತ್ರ ಸೇರಿಸ್ತಾರೆ?” ಎಂದಳು. ನಾನು ಏನೋ ಎರಡು ಧೈರ್ಯದ ಮಾತು ಹೇಳಿ ಇಟ್ಟೆ. ಇಟ್ಟ ಮೇಲೆ ನಿನ್ನ ಕಾಗದಗಳನ್ನು ತೆಗೆದು ಮತ್ತೆ ಓದುತ್ತಾ ಕೂತೆ.

ನಿಮ್ಮ ಭಾವ ಅದನ್ನು ನೋಡಿ, “ಅಷ್ಟಕ್ಕೂ ಅವನು ಮಾಡಿದ್ದೇನು? ನೀನು ಬರೆಯೋದಾದ್ರೂ ಏನು?” ಎಂದರು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾದ ಮೇಲೆ ಕೇಳುವ ಪ್ರಶ್ನೆ! ಕೂರಿಸಿಕೊಂಡು ಹೇಳಿದೆ. ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ, ದಾಖಲೆ ಉಳಿಸುವ ಡಿಸ್ಕನ್ನು ತಾನೇ ಮುಟ್ಟುವಂತಿಲ್ಲ, ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮನ್ನು ಕೇಳಬೇಕು. ಹಾಗೆ ಕೇಳುವ ಒಂದೊಂದು ಬಗೆಗೂ ಒಂದೊಂದು ಹೆಸರಿದೆ, ಅದಕ್ಕೆ ಸಿಸ್ಟಮ್ ಕಾಲ್ ಎನ್ನುತ್ತೇವೆ. ಏನು ಕೊಡಬೇಕು, ಏನು ವಾಪಸ್ ಬರುತ್ತದೆ, ಎಲ್ಲಿ ಎಡವಬಹುದು ಎಂದು ಒಂದೊಂದಕ್ಕೂ ನಾವು ಕೈಪಿಡಿಯಲ್ಲಿ ಒಂದು ಪುಟ ಬರೆಯುತ್ತೇವೆ. ‘ರೈಟ್’ ಎಂಬ ಕರೆಗೆ ಇನ್ನೂರು ಅಕ್ಷರ ಬರೆ ಎಂದರೆ, ಎಷ್ಟು ಬರೆದೆ ಎಂಬ ಸಂಖ್ಯೆಯನ್ನು ಅದು ಹಿಂದಿರುಗಿಸುತ್ತದೆ. ಡಿಸ್ಕಿನಲ್ಲಿ ನೂರೈವತ್ತಕ್ಕೇ ಜಾಗ ಉಳಿದಿದ್ದರೆ ಅಷ್ಟನ್ನೇ ಬರೆದು ‘ನೂರೈವತ್ತು’ ಎಂದು ಸುಮ್ಮನಾಗುತ್ತದೆ. ತಪ್ಪಾಯಿತು ಎನ್ನುವುದಿಲ್ಲ. ಗುಂಡುವಿನ ಪ್ರೋಗ್ರಾಂ ತಪ್ಪು ಬಂತೇ ಎಂದು ಮಾತ್ರ ನೋಡಿತು, ಸಂಖ್ಯೆ ನೋಡಲಿಲ್ಲ. ಅವನು ಕೆಲಸ ಮಾಡುವ ಆಸ್ಪತ್ರೆಯ ಡಿಸ್ಕ್ ತುಂಬಿದ ದಿನ ಒಬ್ಬ ಹೊಲಿಗೆಯಾಕೆಯ ದಾಖಲೆ ಅರ್ಧಕ್ಕೆ ತುಂಡಾಯಿತು. ಹೋದದ್ದು ಕೊನೆಯ ಸಾಲು, ‘ಈ ಇಂಜೆಕ್ಷನ್ ಒಗ್ಗುವುದಿಲ್ಲ’ ಎಂಬುದು. ಆಕೆಗೆ ಅದೇ ಇಂಜೆಕ್ಷನ್ ಕೊಟ್ಟರು.

“ಸಂಖ್ಯೆ ನೋಡ್ಕೋ ಅಂತ ನಿಮ್ಮ ಪುಟದಲ್ಲಿ ಇದೆಯಾ?” ಎಂದರು ನಿಮ್ಮ ಭಾವ.

“ಇದೆ” ಎಂದೆ.

ನಿನ್ನ ಮಾತು ನನಗೆ ಗೊತ್ತು. ನೀನು ಓದಿದ್ದು ಮೊದಲ ಆವೃತ್ತಿ, ಅದರಲ್ಲಿ ‘ಪೂರ್ತಿ ಬರೆಯುತ್ತದೆ, ಇಲ್ಲವೇ ತಪ್ಪು ಎನ್ನುತ್ತದೆ’ ಎಂದಿತ್ತು ಎನ್ನುತ್ತೀಯ. ವಿಚಾರಣೆಯವರ ಮುಂದಿರುವುದು ಎರಡನೆಯದು. ಹೊಸ ಪುಸ್ತಕ ಬೇಕಾದರೆ ಹಳೆಯದನ್ನು ವಾಪಸ್ ಕಳಿಸಬೇಕೆಂಬ ನಮ್ಮ ನಿಯಮದಿಂದ ನಿನ್ನ ಕೈಯಲ್ಲಿ ಸಾಕ್ಷಿಯೇ ಇಲ್ಲ. ಉಗ್ರಾಣದವರನ್ನು ಕೇಳಿದೆ, ಬಂದದ್ದೆಲ್ಲ ಆಗಲೇ ಚೂರಾಗಿ ಹೋಯಿತಂತೆ. ಇನ್ನೂ ಹುಡುಕುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಲಗು.

ನಿನ್ನ ಅಕ್ಕ

ಮಾರ್ಚ್ 13, ಗುರುವಾರ

ಗುಂಡು,

ಹೋದ ಕಾಗದದಲ್ಲಿ ನಾನು ಸುಳ್ಳು ಬರೆದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಂಡಿನೋವು, ಕನ್ನಡಕ ಎಂದು ಮತ್ತೆ ಎಲ್ಲೆಲ್ಲೋ ಸುತ್ತುತ್ತೇನೆ. ನಾನು ಎಲ್ಲೂ ಹುಡುಕುತ್ತಿರಲಿಲ್ಲ. ಮೊದಲ ಆವೃತ್ತಿಯ ಒಂದು ಪ್ರತಿ ನನ್ನ ಬೀರುವಿನಲ್ಲೇ ಇದೆ, ಚಳಿಗಾಲದ ಹೊದಿಕೆಗಳ ಅಡಿಯಲ್ಲಿ. ನೀನು ಹೇಳುವುದು ಅಕ್ಷರಶಃ ನಿಜ. ಆ ಸಾಲು ಹಾಗೆಯೇ ಇತ್ತು. ಬರೆದವಳು ನಾನು.

ನಮ್ಮ ವಿಭಾಗದ ಪದ್ಧತಿಯನ್ನು ನಿನ್ನ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿದ್ದೇನೋ! ಒಂದು ಸಣ್ಣ ಸಿ ಪ್ರೋಗ್ರಾಂ ಬರೆದು, ಓಡಿಸಿ, ಕಣ್ಣಾರೆ ನೋಡದೆ ಒಂದು ಸಾಲನ್ನೂ ಬರೆಯುವಂತಿಲ್ಲ. ಅದೊಂದನ್ನು ನೋಡಲಿಲ್ಲ ಕಣೋ. ಡಿಸ್ಕ್ ತುಂಬಿಸಿ ನೋಡಬೇಕಾದರೆ ಎಲ್ಲರೂ ಬಳಸುವ ಯಂತ್ರವನ್ನು ಅರ್ಧ ದಿನ ನನಗೊಬ್ಬಳಿಗೇ ಬಿಟ್ಟುಕೊಡಬೇಕಿತ್ತು. ಯಂತ್ರದ ಕೋಣೆಯವರು, “ಡಿಸ್ಕ್ ತುಂಬಿಸ್ತೀರಾ? ಬೇರೆಯವರೆಲ್ಲ ಏನು ಕೈಕಟ್ಟಿ ಕೂರಬೇಕಾ?” ಎಂದು ರೇಗಿದರು. ನನಗೂ ಮೂಗಿನ ತುದಿಯಲ್ಲೇ ಕೋಪ, ನಿಮ್ಮ ಯಂತ್ರ ನೀವೇ ಇಟ್ಟುಕೊಳ್ಳಿ ಎಂದು ಬಂದುಬಿಟ್ಟೆ. ಬಂದವಳು ಊಹೆಯ ಮೇಲೆ ಬರೆದೆ. ಕೆಳಗೆ ‘ಪರೀಕ್ಷಿಸಿದೆ’ ಎಂದು ಸಹಿಯನ್ನೂ ಹಾಕಿದೆ.

ಮೂರು ವರ್ಷ ಬಿಟ್ಟು ಎರಡನೇ ಆವೃತ್ತಿಗೆ ಎಲ್ಲವನ್ನೂ ಮತ್ತೆ ಓಡಿಸಿ ನೋಡುವಾಗ ನಿಜ ಹೊರಬಿತ್ತು. ಪರದೆಯ ಮೇಲೆ ಆ ಸಣ್ಣ ಸಂಖ್ಯೆ ನೋಡಿ ಜೀವ ಬಾಯಿಗೆ ಬಂತು. ಬದಲಾದ ಸಾಲಿನ ಪಕ್ಕ, ಪುಟದ ಅಂಚಿನಲ್ಲಿ, ಉದ್ದಕ್ಕೆ ಒಂದು ಕಪ್ಪು ಗೆರೆ ಎಳೆಯುವುದು ನಮ್ಮ ನಿಯಮ. ಗೆರೆ ಇದ್ದ ಪುಟವೆಲ್ಲ ತಿದ್ದುಪಡಿಯ ಪಟ್ಟಿಗೆ ಸೇರುತ್ತದೆ, ಪಟ್ಟಿ ಎಲ್ಲ ಪ್ರೋಗ್ರಾಮರುಗಳಿಗೂ ಹೋಗುತ್ತದೆ. ಕಂಡ ಕೂಡಲೇ ನೀನು ನಿನ್ನ ಪ್ರೋಗ್ರಾಂ ತೆಗೆದು ಸರಿಮಾಡುತ್ತಿದ್ದೆ. ಅರ್ಧ ಗಂಟೆಯ ಕೆಲಸ.

ನಾನು ಸಾಲನ್ನು ಬದಲಿಸಿದೆ, ಗೆರೆ ಎಳೆಯಲಿಲ್ಲ.

ಯಾಕೆ ಎಂದು ಕೇಳುತ್ತೀಯ. ಹೇಳಲು ನಾಚಿಕೆಯಾಗುತ್ತದೆ. ಆಫೀಸಿನಲ್ಲಿ ನನ್ನನ್ನು ‘ಗೆರೆ ಬೀಳದ ಅಕ್ಕ’ ಎಂದು ಕರೆಯುತ್ತಿದ್ದರು. ಹೊಸಬರು ಬಂದರೆ, “ಹೋಗಿ ಅವರ ಪುಟ ನೋಡ್ಕೊಂಡು ಬನ್ನಿ” ಎಂದು ಕಳಿಸುತ್ತಿದ್ದರು. ತಮಾಷೆಗೆ ಕರೆದದ್ದೇ ಇರಬಹುದು, ನಾನು ಮಾತ್ರ ಅದನ್ನು ತಲೆಯ ಮೇಲೆ ಹೊತ್ತು ಓಡಾಡಿದೆ. ಇದೊಂದು ಸಲ ಯಾರಿಗೂ ತಿಳಿಯದೆ ಹೋಗಲಿ, ಹೇಗೂ ಈಗ ಸರಿಯಾಯಿತಲ್ಲ ಎಂದುಕೊಂಡೆ. ನಿನ್ನ ಪ್ರೋಗ್ರಾಂ ನೆನಪಾಗಲಿಲ್ಲವೇ ಎಂದರೆ, ಆಗಿತ್ತು. ಆಸ್ಪತ್ರೆಯವರು ಡಿಸ್ಕ್ ತುಂಬಲು ಬಿಡುತ್ತಾರೆಯೇ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಇನ್ನೊಂದಿದೆ. ವಿಚಾರಣೆಯವರು ‘ರೈಟ್’ ಪುಟದ ದೃಢೀಕೃತ ನಕಲು ಬೇಕೆಂದಾಗ, ಎರಡನೇ ಆವೃತ್ತಿಯ ಪುಟವನ್ನು ತೆಗೆದು, ನಕಲು ಮಾಡಿ, ಮುದ್ರೆ ಒತ್ತಿ ಕಳಿಸಿದವಳೂ ನಾನೇ. ಅದನ್ನು ನಿನ್ನ ಮುಖದ ಮುಂದೆ ಹಿಡಿದು, ಓದಲು ಬರುತ್ತದೆಯೇ ಎಂದು ಕೇಳಿದರಂತೆ. ನಿನ್ನ ಹೆಂಡತಿ ಅಳುತ್ತಾ ಹೇಳಿದಳು. ಅವಳನ್ನು ನಾನು ಸಮಾಧಾನ ಮಾಡಿದೆ. ನೋಡು, ಎಂಥವಳು ನಾನು!

ಭಾನುವಾರ ಆ ಹೊಲಿಗೆಯಾಕೆಯನ್ನು ನೋಡಿ ಬಂದೆ. ನಿಮ್ಮೂರಿಗೆ ಬಂದೂ ನಿಮ್ಮ ಮನೆಗೆ ಬರಲಿಲ್ಲ, ಮುಖ ಇರಲಿಲ್ಲ. ಅಂಗಡಿ ತೆರೆದಿತ್ತು. ಒಂದು ಲಂಗದ ಅಂಚು ಹೊಲಿಸುವ ನೆಪ ಮಾಡಿಕೊಂಡು ಹೋದೆ. ನಾಲ್ಕು ದಿನ ಗಂಟಲಿಗೆ ಕೊಳವೆ ಹಾಕಿದ್ದರಿಂದ ದನಿ ಇನ್ನೂ ಒಡಕಲು. “ಏನಾಯ್ತಮ್ಮ ದನಿಗೆ?” ಎಂದೆ, ಏನೂ ಗೊತ್ತಿಲ್ಲದವಳ ಹಾಗೆ. “ಅಯ್ಯೋ, ಆಸ್ಪತ್ರೆ ಕಂಪ್ಯೂಟರು ನನ್ನನ್ನ ಅರ್ಧ ತಿಂದುಬಿಟ್ಟಿತ್ತಂತೆ! ಹೋದ ಜೀವ ವಾಪಸ್ ಬಂತಲ್ಲ, ಬಿಡಿ” ಎಂದು ನಕ್ಕು, ದಾರ ಕಚ್ಚಿ ತುಂಡರಿಸಿದಳು. ಆಕೆ ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಈ ಕಾಗದಕ್ಕೆ ಉತ್ತರ ಬರೆಯಬೇಡ. ನಾಳೆ ಹಿರಿಯ ಸಂಪಾದಕರ ಮುಂದೆ ಎಲ್ಲ ಹೇಳುತ್ತೇನೆ.

ಅಕ್ಕ

ಮಾರ್ಚ್ 18, ಮಂಗಳವಾರ ಬೆಳಿಗ್ಗೆ

ನನ್ನ ಪುಟ್ಟ ತಮ್ಮನಿಗೆ,

ಇದನ್ನು ಅಂಚೆಗೆ ಹಾಕಿದರೆ ನಾಳೆಯೊಳಗೆ ನಿನಗೆ ಸಿಗುವುದಿಲ್ಲ. ನಿಮ್ಮ ಭಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಎಲ್ಲ ವಿಷಯ ತಿಳಿದ ಮೇಲೆ ಅವರು ತಮ್ಮ ಚೀಲ ಹುಡುಕಿ ತಂದರು. ಆಮೇಲೆ, “ಬಸ್ಸಿನ ಮೆಟ್ಟಿಲು ಎತ್ತರ ಇರುತ್ತೆ, ಪರವಾಗಿಲ್ಲ, ನಾನೇ ಹೋಗ್ತೀನಿ” ಎಂದರು. ಅವರಿಗೆ ಒಂದು ದಿಂಬು ಕೊಡು, ಕಾಲು ಚಾಚಲಿ.

ಶುಕ್ರವಾರ ಸಂಪಾದಕರ ಕೋಣೆಯ ಬಾಗಿಲವರೆಗೆ ಎರಡು ಸಲ ಹೋಗಿ ವಾಪಸ್ ಬಂದೆ. ನಿನಗೆ ಗೊತ್ತಲ್ಲ, ಸಿಕ್ಕಲ್ಲೆಲ್ಲ ಅಲ್ಪವಿರಾಮ ಹಾಕುತ್ತಾರೆಂದು ನಾವು ಅವರನ್ನು ಅಲ್ಪವಿರಾಮ ಎಂದೇ ಕರೆಯುವುದು. ಮೂರನೇ ಸಲ ಅವರೇ, “ಏನು, ಬಾಗಿಲು ಸರಿಯಾಗಿದೆಯಾ ಅಂತ ನೋಡ್ತಿದ್ದೀರಾ?” ಎಂದರು. ಒಳಗೆ ಹೋಗಿ ಹಳೆಯ ಪುಸ್ತಕ ತೆರೆದು ಮುಂದಿಟ್ಟೆ. ಓದಿದರು. ಮುಖ ಸಣ್ಣದಾಯಿತು.

“ಇದು ಯಾಕೆ ಬೇಕಿತ್ತು ನಿಮಗೆ? ಹಳೇ ಪುಸ್ತಕ ಒಂದೂ ಉಳಿದಿಲ್ಲ, ಯಾರೂ ಕೇಳೋರಿಲ್ಲ. ಇನ್ನೆರಡು ವರ್ಷಕ್ಕೆ ನಿವೃತ್ತಿ. ಸುಳ್ಳು ಸಹಿ ಅಂತಾದ್ರೆ ಪಿಂಚಣಿಯೂ ಕೈಗೆ ಬರಲ್ಲ” ಎಂದರು.

“ನನ್ನ ತಮ್ಮ ಸರ್” ಎಂದೆ. ಅಷ್ಟೇ ಹೇಳಲು ಆದದ್ದು. ಅಳಬಾರದು ಎಂದುಕೊಂಡೇ ಹೋಗಿದ್ದೆ, ಅತ್ತುಬಿಟ್ಟೆ.

ಅವರು ಕಿಟಕಿಯ ಕಡೆ ತಿರುಗಿ ಕೂತರು. ಆಮೇಲೆ ತಿದ್ದುಪಡಿಯ ಚೀಟಿ ತೆಗೆದುಕೊಟ್ಟು ಬರೆಯಿರಿ ಎಂದರು. ಬರೆದೆ: ಮೊದಲ ಆವೃತ್ತಿಯ ಸಾಲು ತಪ್ಪು, ಪರೀಕ್ಷಿಸದೆ ಬರೆದದ್ದು, ಎರಡನೆಯದರಲ್ಲಿ ಗೆರೆಯಿಲ್ಲದೆ ಬದಲಿಸಿದ್ದು, ಹೊಣೆ ನನ್ನದು. ಅದನ್ನು ಓದಿ, ಪೆನ್ನು ತೆಗೆದು, ನಡುವೆ ಒಂದು ಅಲ್ಪವಿರಾಮ ಸೇರಿಸಿ, ಸಹಿ ಹಾಕಿದರು. ಆ ಸಂಕಟದಲ್ಲೂ ನಗು ಬಂತು ನೋಡು.

ಚೀಟಿ, ಹಳೆಯ ಪುಟದ ನಕಲು, ಎರಡೂ ನಿನ್ನೆ ವಿಚಾರಣೆಯವರ ಕೈ ಸೇರಿವೆ, ಸ್ವೀಕೃತಿ ಬಂದಿದೆ. ನೋಡುತ್ತಾರೋ, ಪಕ್ಕಕ್ಕೆ ತಳ್ಳುತ್ತಾರೋ ಗೊತ್ತಿಲ್ಲ. ಅಕ್ಕ ತಮ್ಮನಿಗಾಗಿ ಕಟ್ಟಿದ ಕಥೆ ಎಂದರೆ ಏನು ಮಾಡುವುದು? ಅದಕ್ಕೇ ಪುಸ್ತಕವನ್ನೇ ಭಾವನ ಚೀಲದಲ್ಲಿ ಇಟ್ಟಿದ್ದೇನೆ. ನಾಳೆ ಅದು ನಿನ್ನ ಕೈಯಲ್ಲಿರಲಿ. ನನ್ನನ್ನು ಇವತ್ತಿನಿಂದ ಪುಟ ಬರೆಯುವ ಕೆಲಸದಿಂದ ಬಿಡಿಸಿದ್ದಾರೆ, ಮುಂದೇನೆಂದು ಆಮೇಲೆ ಹೇಳುತ್ತಾರಂತೆ. ಅದನ್ನು ಯೋಚಿಸುವಷ್ಟು ಜಾಗ ತಲೆಯಲ್ಲಿ ಇಲ್ಲ.

ಒಗೆದ ಅಂಗಿ ಹಾಕಿಕೊಂಡು ಹೋಗು. ಅವಸರದಲ್ಲಿ ಮಾತಾಡಬೇಡ, ನಿನಗೆ ಅವಸರವಾದರೆ ತೊದಲುತ್ತೀಯ. ನೂರು ವರ್ಷ ತಲೆಯೆತ್ತಿಕೊಂಡು ಬಾಳು. ನಿನ್ನ ಹೆಂಡತಿಯ ಹತ್ತಿರ ನಾನೇ ಬಂದು ಕ್ಷಮೆ ಕೇಳುತ್ತೇನೆ, ಅಲ್ಲಿಯವರೆಗೆ ಅವಳು ನನ್ನ ಮೇಲೆ ಎಷ್ಟು ಸಿಟ್ಟಾದರೂ ತಡೆಯಬೇಡ.

ನಿನ್ನ ಅಕ್ಕ

ಮರೆತಿಲ್ಲ, ಬರೆಯಲು ಕೈ ಬರಲಿಲ್ಲ, ಅದಕ್ಕೇ ಸಹಿಯ ಕೆಳಗೆ ಬರೆಯುತ್ತಿದ್ದೇನೆ: ಆ ಪ್ರೋಗ್ರಾಂ ಬರೆಯುವಾಗ ನೀನು ನನಗೆ ಫೋನ್ ಮಾಡಿದ್ದೆ. “ಅಕ್ಕ, ಡಿಸ್ಕ್ ತುಂಬಿದ್ರೆ ಅರ್ಧ ಬರೆದು ಬಿಟ್ಟುಬಿಡುತ್ತಾ? ಸಂಖ್ಯೆ ನೋಡ್ಕೋಬೇಕಾ?” ಎಂದೆ. ಸರಿಯಾದ ಪ್ರಶ್ನೆ ಕೇಳಿದವನು ನೀನೊಬ್ಬನೇ. ನಾನು, “ಪುಟದಲ್ಲಿ ಇದೆಯಲ್ಲೋ, ಓದೋಕೆ ಬರಲ್ವಾ? ನೋಡದೆ ಬರೀತೀನಾ ನಾನು?” ಎಂದು ಗದರಿದೆ. ನೀನು ನಕ್ಕು, “ನೀನು ಹೇಳಿದ ಮೇಲೆ ಮುಗೀತು ಬಿಡು” ಎಂದೆ. ವಿಚಾರಣೆಯ ನಡಾವಳಿಯ ಪ್ರತಿ ನಮ್ಮ ಆಫೀಸಿಗೂ ಬಂದಿತ್ತು. ‘ಸಂದೇಹವಿದ್ದಾಗ ಯಾರನ್ನಾದರೂ ಕೇಳಿದಿರಾ?’ ಎಂಬುದಕ್ಕೆ ನಿನ್ನ ಉತ್ತರ, ‘ಇಲ್ಲ, ಯಾರನ್ನೂ ಕೇಳಲಿಲ್ಲ’. ಅದನ್ನು ಓದಿ ನನಗೆ ಮೊದಲು ಬಂದದ್ದು ಅಳು ಅಲ್ಲ, ಸದ್ಯ ಬಚಾವಾದೆ ಎಂಬ ನಿಟ್ಟುಸಿರು. ಚೀಟಿಯಲ್ಲಿ ಎಲ್ಲವನ್ನೂ ಬರೆದೆ, ಇದೊಂದನ್ನು ಬರೆಯಲಾಗಲಿಲ್ಲ. ನಾಳೆ ಅದೇ ಪ್ರಶ್ನೆ ಮತ್ತೆ ಕೇಳುತ್ತಾರೆ. ಅಕ್ಕನನ್ನು ಕೇಳಿದ್ದೆ ಎಂದು ಹೇಳು, ಗುಂಡು.